ಸಬ್ಯಸಾಚಿಯ ಹೆಸರು, ಯಾಡಿಯ ಕೈ

ನಾವು ಮೂವರೂ ಸೇರಿ ಮಾಡಿದ ಮೊದಲ ತಪ್ಪು ಅಚ್ಚಾಗಿದ್ದು 2018ರ ನವೆಂಬರಿನಲ್ಲಿ. ಆಗ ರಾಯಚೂರಿನಲ್ಲಿ ಪತ್ರಿಕೋದ್ಯಮದ ಎಂ.ಎ. ಕೊನೆಯ ವರ್ಷ. ಒಂದು ಪತ್ರಿಕೆಯ ಜಿಲ್ಲಾ ಕಚೇರಿಯಲ್ಲಿ ಇಂಟರ್ನ್‌ಶಿಪ್ಪು. ಸಂಬಳ ಇರಲಿಲ್ಲ, ಚಹಾ ಇತ್ತು. ನಮ್ಮಲ್ಲಿ ಒಬ್ಬ ಇದೇ ಊರಿನ ತೀನ್ ಕಂದೀಲ್ ಹತ್ತಿರದವ, ಒಬ್ಬ ಮಾನ್ವಿ ಕಡೆಯ ಹತ್ತಿ ಹೊಲದಿಂದ ಬಂದವ, ಒಬ್ಬಳು ದೇವದುರ್ಗ ತಾಲ್ಲೂಕಿನ ತಾಂಡಾದವಳು. ಮೂವರಿಗೂ ಸೇರಿ ಒಂದೇ ಕಂಪ್ಯೂಟರ್. ಅದೂ ಜಾಹೀರಾತು ವಿಭಾಗದವರು ಎದ್ದು ಹೋದ ಮೇಲೆ.

ಆ ದಿನ ಇಟಲಿಯ ಕೋಮೊ ಸರೋವರದ ದಂಡೆಯಲ್ಲಿ ದೀಪಿಕಾ ಪಡುಕೋಣೆ ಮದುವೆಯಾದ ಫೋಟೋಗಳು ಬಂದವು. ನವೆಂಬರ್ 14ಕ್ಕೆ ಕೊಂಕಣಿ ಪದ್ಧತಿ, 15ಕ್ಕೆ ಸಿಂಧಿ ಪದ್ಧತಿ. ಪುರವಣಿಗೆ ಅರ್ಧ ಪುಟ ಬೇಕು ಅಂದರು. ಕೆಂಪು ಬಂಗಾರದ ಬಣ್ಣದ ಕಾಂಜೀವರಂ ಸೀರೆಯ ಫೋಟೋ ಇಟ್ಟು, ಕೆಳಗೆ ನಾವು ಬರೆದದ್ದು: ‘ಖ್ಯಾತ ವಿನ್ಯಾಸಕ ಸಬ್ಯಸಾಚಿ ಮುಖರ್ಜಿ ವಿನ್ಯಾಸಗೊಳಿಸಿದ ಸೀರೆಯಲ್ಲಿ ಮದುಮಗಳು.’ ಎಲ್ಲರೂ ಹಾಗೇ ಬರೆದಿದ್ದರು, ನಾವೂ ಬರೆದೆವು.

ಅದು ಸುಳ್ಳಾಗಿತ್ತು. ಸೀರೆ ಬೆಂಗಳೂರಿನ ಅಂಗಡಿ ಗ್ಯಾಲೇರಿಯಾದ್ದು. ಮಗಳ ಮದುವೆಗೆ ಅವ್ವ ಕೊಟ್ಟ ಸೀರೆ. ಸುದ್ದಿ ಹಬ್ಬಿದ ಮೇಲೆ ಸಬ್ಯಸಾಚಿಯವರೇ ತಮ್ಮ ಇನ್‌ಸ್ಟಾಗ್ರಾಂನಲ್ಲಿ, ಈ ಸೀರೆ ವಧುವಿನ ತಾಯಿ ಕೊಟ್ಟದ್ದು, ಬೆಂಗಳೂರಿನ ಅಂಗಡಿಯವರಲ್ಲಿ ತೆಗೆದುಕೊಂಡದ್ದು ಎಂದು ತಿಳಿಸಿ, ಹೆಸರು ಸಲ್ಲಬೇಕಾದವರಿಗೆ ಸಲ್ಲಿಸಿದರು. ನಮ್ಮ ಪತ್ರಿಕೆ ತಿದ್ದುಪಡಿ ಹಾಕಲಿಲ್ಲ. ನಾವು ಕೇಳಿದೆವು. ಡೆಸ್ಕಿನ ಹಿರಿಯರು ನಕ್ಕರು: ‘ರಾಯಚೂರಾಗ ಕುಂತು ಇಟಲಿ ಸೀರಿ ತಿದ್ದತೀರೇನು? ಬಿಡ್ರಿ.’

ಬಿಟ್ಟೆವು. ಆದರೆ ದೇವದುರ್ಗದವಳು ಬಿಡಲಿಲ್ಲ. ಅವಳಿಗೆ ಸಬ್ಯಸಾಚಿ ಎಂದರೆ ಹುಚ್ಚು. ಅದಕ್ಕೆ ಕಾರಣ ಇತ್ತು.

ಪಿಯುಸಿ ಮುಗಿದಾಗ ಅವಳು ಸೇರಬೇಕೆಂದಿದ್ದು ಪತ್ರಿಕೋದ್ಯಮಕ್ಕಲ್ಲ, ಬೆಂಗಳೂರಿನ ನಿಫ್ಟಿಗೆ, ಅಂದರೆ ಕೇಂದ್ರ ಸರ್ಕಾರದ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಗೆ. ಅರ್ಜಿ ಇಂಗ್ಲಿಷಿನಲ್ಲಿತ್ತು, ಶುಲ್ಕ ಅವರ ಮನೆಯ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಸೈಬರ್ ಸೆಂಟರಿನವನು ಅರ್ಧ ಫಾರಂ ತುಂಬಿ, ‘ಮುಂದ ರೊಕ್ಕ ಕಟ್ಟಬೇಕವ್ವ’ ಅಂದಾಗ ಎದ್ದು ಬಂದಳಂತೆ. ಅದೇ ಹೊತ್ತಿಗೆ ಎಲ್ಲೋ ಸಬ್ಯಸಾಚಿಯ ಕಥೆ ಓದಿದ್ದಳು. ಕಾಲೇಜಿನ ಕಟ್ಟೆಯ ಮೇಲೆ ಕುಂತು ನಮಗೆ ಅದನ್ನು ಎಷ್ಟು ಸರ್ತಿ ಹೇಳಿದ್ದಾಳೋ ಲೆಕ್ಕವಿಲ್ಲ.

1974ರಲ್ಲಿ ಹುಟ್ಟಿದವರು. ಕೋಲ್ಕತ್ತದ ಸುತ್ತಲಿನ ಬಂಗಾಳಿ ಮಧ್ಯಮ ವರ್ಗದ ಮನೆ. ಅಪ್ಪ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರು. ಮಗನಿಗೆ 15 ವರ್ಷವಿದ್ದಾಗ ಅಪ್ಪನ ನೌಕರಿ ಹೋಯಿತು. ತಾಯಿಗೆ ಚಿತ್ರಕಲೆ, ಕೈಕಸಬು ಗೊತ್ತಿತ್ತು. ಮಗ ಫ್ಯಾಷನ್ ಓದುತ್ತೇನೆ ಅಂದಾಗ ಮನೆಯಲ್ಲಿ ಬೇಡ ಅಂದರು. ಹುಡುಗ ತನ್ನ ಪುಸ್ತಕ ಮಾರಿ ಅರ್ಜಿಯ ದುಡ್ಡು ಹೊಂದಿಸಿದ. ಇಲ್ಲಿಗೆ ಬಂದಾಗ ದೇವದುರ್ಗದವಳ ದನಿ ಬದಲಾಗುತ್ತಿತ್ತು. ‘ನನ್ನ ಕಡೆ ಮಾರಾಕ ಪುಸ್ತಕಾನೂ ಇರಲಿಲ್ಲ, ಎಲ್ಲಾ ಲೈಬ್ರರಿದು’ ಎಂದು ನಗುತ್ತಿದ್ದಳು.

1999ರಲ್ಲಿ ಕೋಲ್ಕತ್ತದ ನಿಫ್ಟಿನಿಂದ ಹೊರಬಂದ ಸಬ್ಯಸಾಚಿ, ತಂಗಿಯ ಕಡೆ 20,000 ರೂಪಾಯಿ ಕೈಗಡ ತಗೊಂಡು, ಮೂವರು ಕೆಲಸಗಾರರನ್ನು ಇಟ್ಟುಕೊಂಡು ಹೊಲಿಗೆ ಶುರುಮಾಡಿದರು. 2002ರಲ್ಲಿ ಇಂಡಿಯಾ ಫ್ಯಾಷನ್ ವೀಕಿನಲ್ಲಿ ಮೊದಲ ಬಾರಿ ಕಾಣಿಸಿಕೊಂಡರು. ಸಂಜಯ್ ಲೀಲಾ ಬನ್ಸಾಲಿಯ ‘ಬ್ಲ್ಯಾಕ್’ ಚಿತ್ರದ ಉಡುಪಿಗೆ ರಾಷ್ಟ್ರಪ್ರಶಸ್ತಿ ಬಂತು. ಆಗಿನ ಕಾಲಕ್ಕೆ ದೊಡ್ಡವರ ಮದುವೆ ಅಂದರೆ ಥಳಥಳ ಕಲ್ಲು, ಹೊರದೇಶದ ಬಟ್ಟೆ. ಇವರು ಖಾದಿ, ಕೈಮಗ್ಗ, ಮಾಸಿದ ಕೆಂಪು, ಹಳೇ ಮನೆಯ ಟ್ರಂಕಿನಿಂದ ತೆಗೆದಂತೆ ಕಾಣುವ ಬಣ್ಣಗಳನ್ನು ಮದುವೆ ಮಂಟಪಕ್ಕೆ ತಂದರು. ನಮ್ಮ ಅಜ್ಜಿಯರ ಸೀರೆಯ ಬಣ್ಣವೇ ಶ್ರೀಮಂತರಿಗೆ ಹೊಸದಾಗಿ ಕಂಡಿತು. ಅದು ಸಣ್ಣ ಕೆಲಸವಲ್ಲ, ಅದನ್ನು ನಾವು ಈಗಲೂ ಒಪ್ಪುತ್ತೇವೆ. ಕೈಮಗ್ಗದ ಸೀರೆ ಉಟ್ಟರೆ ಹಳೇಕಾಲದವರು ಅನ್ನಿಸಿಕೊಳ್ಳುತ್ತಿದ್ದ ಹುಡುಗಿಯರಿಗೆ ಅದನ್ನು ಉಡುವ ಧೈರ್ಯ ಕೊಟ್ಟವರಲ್ಲಿ ಅವರೂ ಒಬ್ಬರು. ಅನುಷ್ಕಾ, ದೀಪಿಕಾ, ಪ್ರಿಯಾಂಕಾ, ಹೀಗೆ ಒಂದು ವರ್ಷದ ಅಂತರದಲ್ಲಿ ಮೂರು ದೊಡ್ಡ ಮದುವೆಗಳಲ್ಲಿ ಅವರ ಬಟ್ಟೆ ಇತ್ತು. ದೀಪಿಕಾಳ ಸಿಂಧಿ ಮದುವೆಯ ದುಪಟ್ಟಾದ ಅಂಚಿನಲ್ಲಿ ದೇವನಾಗರಿ ಅಕ್ಷರದಲ್ಲಿ ‘ಸದಾ ಸೌಭಾಗ್ಯವತೀ ಭವ’ ಎಂದು ಹೆಣೆದದ್ದು ನೋಡಿ ನಮ್ಮ ರಾಯಚೂರಿನ ಬಟ್ಟೆ ಅಂಗಡಿಗಳಲ್ಲೂ ಮರುವರ್ಷ ಅಂಥವೇ ಬಂದವು.

ನಿಜ ಹೇಳಬೇಕೆಂದರೆ, ಆ ಹೆಸರೇ ಚಂದ. ನಮ್ಮ ಮಾನ್ವಿಯವನಿಗೆ ಬಯಲಾಟದ ಹುಚ್ಚು. ಅವನೇ ಮೊದಲು ಹೇಳಿದ್ದು: ‘ಸಬ್ಯಸಾಚಿ ಅಂದ್ರ ಸವ್ಯಸಾಚಿ ಅಲ್ಲೇನಲೇ, ಅರ್ಜುನ! ಎರಡೂ ಕೈಲೆ ಬಾಣ ಬಿಡಾಂವ.’ ಬಂಗಾಳಿಗಳ ಬಾಯಲ್ಲಿ ವಕಾರ ಬಕಾರವಾಗಿದೆ, ಅಷ್ಟೇ.

ಎರಡು ಕೈ. ಈ ಮಾತು ಮುಂದೆ ನಮ್ಮನ್ನು ಬಹಳ ಕಾಡಿತು.

ಮದುವೆ ಸುದ್ದಿ ತಣ್ಣಗಾದ ಮೇಲೆ ಪುರವಣಿಯವರಿಗೆ ‘ಲೋಕಲ್ ಆ್ಯಂಗಲ್’ ಬೇಕಾಯಿತು. ಡಿಸೈನರ್ ಉಡುಪಿನಲ್ಲಿ ಲಂಬಾಣಿ ಕುಸುರಿಗೆ ಬೇಡಿಕೆ ಬಂದಿದೆಯಲ್ಲ, ನಮ್ಮ ಜಿಲ್ಲೆಯ ತಾಂಡಾದಲ್ಲಿ ಯಾರಾದರೂ ಮಾಡುತ್ತಾರಾ ಎಂದರು. ದೇವದುರ್ಗದವಳು ‘ನಮ್ಮ ಯಾಡಿ ಮಾಡ್ತಾಳ್ರಿ’ ಅಂದಳು. ಗೋರ್ ಮಾತಿನಲ್ಲಿ ಯಾಡಿ ಅಂದರೆ ಅವ್ವ.

ಕಲಮಲ, ಗಬ್ಬೂರು ದಾಟಿ ದೇವದುರ್ಗ ಬಸ್ ನಿಲ್ದಾಣ, ಅಲ್ಲಿಂದ ಟಂಟಂ, ಆಮೇಲೆ ನಡಿಗೆ. ತಾಂಡಾದಲ್ಲಿ ಅರ್ಧ ಮನೆಗಳಿಗೆ ಬೀಗ. ಸುಗ್ಗಿ ಮುಗಿದರೆ ಬೆಂಗಳೂರು, ಪುಣೆ ಅಂತ ಗಂಟುಮೂಟೆ ಕಟ್ಟುವುದು ನಮ್ಮ ಕಡೆ ಹೊಸದಲ್ಲ. ಯಾಡಿ ಟ್ರಂಕು ತೆಗೆದು ತನ್ನ ಮದುವೆಯ ಫೇಟಿಯಾ, ಕಾಂಚಳಿ ಹಾಸಿದಳು. ಫೇಟಿಯಾ ಅಂದರೆ ಲಂಗ, ಕಾಂಚಳಿ ಅಂದರೆ ಬೆನ್ನು ತೆರೆದ ರವಿಕೆ. ಕನ್ನಡಿ ಚೂರು, ಕವಡೆ, ಹಳೇ ನಾಣ್ಯ. ಕೆಂಪಿನ ಮೇಲೆ ಹಳದಿ, ನೀಲಿ, ಬಿಳಿ ದಾರದ ಚೌಕ, ತ್ರಿಕೋನ. ಹರಿದ ಬಟ್ಟೆಯ ಮೇಲೆ ಬಟ್ಟೆ ಇಟ್ಟು ಹೊಲಿದ ಜಾಗ ಯಾವುದು, ಕುಸುರಿ ಯಾವುದು ಅಂತ ಬೇರೆ ಮಾಡಲಾಗಲಿಲ್ಲ. ನಾವು ಮೂರು ತಾಸು ಕುಂತೆವು. ಅವಳು ಎರಡು ಸರ್ತಿ ಚಹಾ ಮಾಡಿದಳು. ಚಲೋ ಲೇಖನ ಬರೆದೆವು.

ಬರೆದು ಮುಗಿಸಿ ಕಚ್ಚಾಡಿದೆವು. ಯಾರ ಹೆಸರು ಮೊದಲು ಬರಬೇಕು ಅನ್ನೋದಕ್ಕೆ. ಹೋಗಿದ್ದು ಮೂವರು, ಬರೆದದ್ದು ಇಬ್ಬರು, ಮನೆ ಒಬ್ಬಳದು. ಎರಡು ದಿನ ಮಾತು ಬಿಟ್ಟಿದ್ದೆವು. ಭಾನುವಾರ ಪುರವಣಿ ಬಂತು. ಲೇಖನದ ತಲೆಯ ಮೇಲೆ ಯಾರ ಹೆಸರೂ ಇರಲಿಲ್ಲ. ‘ನಮ್ಮ ಪ್ರತಿನಿಧಿಯಿಂದ, ದೇವದುರ್ಗ’ ಅಂತಿತ್ತು. ಸಂಜೆವರೆಗೂ ಆ ಸಿಟ್ಟಿನಲ್ಲೇ ಇದ್ದೆವು. ಫೋಟೋದ ಕೆಳಗಿನ ಸಾಲು ಓದಿದ್ದು ಆಮೇಲೆ: ‘ಕಸೂತಿಯಲ್ಲಿ ತೊಡಗಿರುವ ಲಂಬಾಣಿ ಮಹಿಳೆ.’

ಅದು ಕಸೂತಿ ಅಲ್ಲ. ಕಸೂತಿ ಧಾರವಾಡ ಕಡೆಯ ಬೇರೆ ಕೆಲಸ, ಅದರ ಹೊಲಿಗೆಯೇ ಬೇರೆ. ಇನ್ನು ಆ ‘ಮಹಿಳೆ’. ಇದನ್ನು ಡೆಸ್ಕಿನವರ ತಲೆಗೆ ಕಟ್ಟಿ ತಪ್ಪಿಸಿಕೊಳ್ಳಲು ನೋಡಿದೆವು. ಆದರೆ ನಾವು ಕಳಿಸಿದ ಕಾಪಿ ತೆಗೆದು ನೋಡಿದರೆ, ಅದರಲ್ಲೂ ಎಲ್ಲಿಯೂ ಯಾಡಿಯ ಹೆಸರಿರಲಿಲ್ಲ. ಸ್ವಂತ ಮಗಳು ಕುಂತು ಬರೆದ ಲೇಖನದಲ್ಲಿ ಅವ್ವನ ಹೆಸರಿಲ್ಲ. ಸಬ್ಯಸಾಚಿ ಎಂಬ ಹೆಸರು ಮಾತ್ರ ನಾಲ್ಕು ಸಲ ಇತ್ತು.

ದೇವದುರ್ಗದವಳು ಆ ದಿನ ಏನೂ ಮಾತಾಡಲಿಲ್ಲ. ಹಾಸ್ಟೆಲಿಗೆ ಹೋಗಿ ಮಲಗಿದಳು.

ಆಮೇಲೆ ನಾವು ಆ ವಿನ್ಯಾಸಕನ ಸುದ್ದಿಯನ್ನು ಬೇರೆ ಕಣ್ಣಿನಿಂದ ಓದತೊಡಗಿದೆವು. 2021ರ ಜನವರಿಯಲ್ಲಿ ಆದಿತ್ಯ ಬಿರ್ಲಾ ಫ್ಯಾಷನ್ ಕಂಪನಿ ಸಬ್ಯಸಾಚಿ ಬ್ರ್ಯಾಂಡಿನ ಶೇ 51ರಷ್ಟು ಪಾಲನ್ನು 398 ಕೋಟಿ ರೂಪಾಯಿಗೆ ಕೊಂಡಿತು. ಆಗ ನಾವು ಮೂವರೂ ಸಣ್ಣಪುಟ್ಟ ನೌಕರಿಯಲ್ಲಿದ್ದೆವು. ಒಬ್ಬ ತಾಲ್ಲೂಕು ವರದಿಗಾರ, ಒಬ್ಬ ವೆಬ್‌ಸೈಟಿಗೆ ಬರೆಯುವವ, ಒಬ್ಬಳು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಅಂಗಡಿ, ಯಂತ್ರ, ಬಟ್ಟೆಯ ಗಂಟು ಎಷ್ಟೇ ಇರಲಿ, ಅಷ್ಟು ದುಡ್ಡು ಬಂದದ್ದು ಮುಖ್ಯವಾಗಿ ಆ ಹೆಸರಿಗೆ. ಒಬ್ಬ ಮನುಷ್ಯ ತನ್ನ ಹೆಸರಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ಮಾರಿದ, ಇನ್ನರ್ಧ ತನ್ನ ಕಡೆ ಇಟ್ಟುಕೊಂಡ! ಹೆಸರಿಗೆ ಇಷ್ಟು ಬೆಲೆ ಇದೆಯೆಂದು ನಮ್ಮ ಪತ್ರಿಕೋದ್ಯಮದ ಯಾವ ಪಾಠದಲ್ಲೂ ಹೇಳಿರಲಿಲ್ಲ. ಬೈಲೈನ್ ಅಂದರೆ ಮರ್ಯಾದೆ, ರೊಕ್ಕವಲ್ಲ ಅಂತ ನಾವು ನಂಬಿದ್ದೆವು.

ಅದೇ ವರ್ಷ ಆಗಸ್ಟಿನಲ್ಲಿ ಅವರು ಎಚ್ ಆ್ಯಂಡ್ ಎಂ ಕಂಪನಿಯ ಜೊತೆ ಸೇರಿ ಬಟ್ಟೆ ಬಿಟ್ಟರು. ಸೀರೆಯ ಬೆಲೆ 9,999 ರೂಪಾಯಿ. ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಆನ್‌ಲೈನಿನಲ್ಲಿ ಖಾಲಿ. ರಾಜಸ್ಥಾನದ ಸಾಂಗಾನೇರಿನ ಕೈಅಚ್ಚಿನಂತೆ ಕಾಣುವ ವಿನ್ಯಾಸವನ್ನು ಯಂತ್ರದಲ್ಲಿ ಮುದ್ರಿಸಿ ಮಾರಿದರೆ ಅಚ್ಚು ಹಾಕುವವರಿಗೆ ಏನು ಸಿಕ್ಕಿತು ಎಂದು ಕರಕುಶಲ ಸಂಘಟನೆಗಳು ಬಹಿರಂಗ ಪತ್ರ ಬರೆದವು. ಭಾರತದ ವಿನ್ಯಾಸವನ್ನು ಜಗತ್ತಿಗೆ ಮುಟ್ಟಿಸುವುದು ತಮ್ಮ ಉದ್ದೇಶ, ಕೈಕೆಲಸ ತಮ್ಮ ದುಬಾರಿ ಬಟ್ಟೆಗಳಲ್ಲಿ ಇದ್ದೇ ಇದೆ ಎನ್ನುವ ಅರ್ಥದಲ್ಲಿ ಅವರು ಉತ್ತರ ಕೊಟ್ಟರು. ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಅವರ ಕೆಲಸದಿಂದ ಬದುಕುವ ಕುಶಲಕರ್ಮಿಗಳು ಕೋಲ್ಕತ್ತದಲ್ಲಿ ಸಾಕಷ್ಟು ಜನ ಇದ್ದಾರೆ. ಉಳಿದರ್ಧ ನಮಗೆ ಇವತ್ತಿಗೂ ಗಂಟಲಿಗೆ ಸಿಕ್ಕಿಕೊಂಡಿದೆ.

ಮತ್ತೆ 2024ರ ಮೇ ತಿಂಗಳು. ನ್ಯೂಯಾರ್ಕಿನ ಮೆಟ್ ಗಾಲಾದಲ್ಲಿ ಆಲಿಯಾ ಭಟ್ ಅವರ ಸೀರೆ ಉಟ್ಟರು. ಸುದ್ದಿಯ ಜೊತೆಗೆ ಒಂದು ಲೆಕ್ಕ ಬಂತು: 163 ಜನ, 1,965 ತಾಸು. ಇಡೀ ಜಗತ್ತಿನ ಪತ್ರಿಕೆಗಳು ಆ ಅಂಕಿಯನ್ನು ಬರೆದವು. ನಾವು ಮೂವರೂ ಅವತ್ತು ಬೇರೆ ಬೇರೆ ಊರಲ್ಲಿದ್ದೆವು, ಆದರೆ ವಾಟ್ಸ್‌ಆ್ಯಪಿನಲ್ಲಿ ಒಂದೇ ಮಾತು: 163 ಅಂದರಲ್ಲ, ಯಾರು? ಎಲ್ಲ ಕಡೆ ಹುಡುಕಿದೆವು. ಕೂದಲಿನ ವಿನ್ಯಾಸ ಯಾರದು, ಬಣ್ಣ ಹಚ್ಚಿದ್ದು ಯಾರು, ಫೋಟೋ ತೆಗೆದದ್ದು ಯಾರು, ಅವರೆಲ್ಲರ ಹೆಸರಿತ್ತು. ಹೊಲಿದವರದು ಲೆಕ್ಕ ಮಾತ್ರ. ಮಾನ್ವಿಯವ ಬರೆದ: ‘ಸವ್ಯಸಾಚಿಗೆ ಎರಡು ಕೈ ಅಲ್ಲಲೇ, 326 ಕೈ.’

ಇದು ಬಂಗಾಳದವರ ಮೇಲಿನ ದೂರಲ್ಲ. ನಮ್ಮ ರಾಜ್ಯದಲ್ಲೂ ಹೀಗೇ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರಿನ ಕುಶಲ ಕಲಾ ಕೇಂದ್ರದ ಲಂಬಾಣಿ ಹೆಣ್ಣುಮಕ್ಕಳು ಮಾಡಿದ 1,755 ಕುಸುರಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. 450ಕ್ಕೂ ಹೆಚ್ಚು ಹೆಣ್ಣುಮಕ್ಕಳ ಕೆಲಸ. ನಮಗೆಲ್ಲ ಹೆಮ್ಮೆಯಾಯಿತು, ನಾವೂ ಸ್ಟೇಟಸ್ ಹಾಕಿದೆವು. ಅಲ್ಲೂ ಸುದ್ದಿಯಲ್ಲಿ ಬಂದದ್ದು ಸಂಖ್ಯೆ. ಸಂಡೂರಿನ ಲಂಬಾಣಿ ಕುಸುರಿಗೆ ಜಿಐ ಟ್ಯಾಗ್ ಇದೆ. ಅದು ಊರಿನ ಹೆಸರನ್ನು ಕಾಯುತ್ತದೆ, ಕೆಲಸದ ಹೆಸರನ್ನು ಕಾಯುತ್ತದೆ. ಸೂಜಿ ಹಿಡಿದವಳ ಹೆಸರು ಅದರ ಲೆಕ್ಕಕ್ಕೆ ಬರುವುದಿಲ್ಲ. ಹಾಗಂತ ಅದು ಬೇಡ ಅನ್ನಲಾಗದು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಕೊಲ್ಹಾಪುರಿ ಚಪ್ಪಲಿಯಂಥದ್ದನ್ನೇ ಮಿಲಾನಿನಲ್ಲಿ ತೋರಿಸಿ ಸುಮ್ಮನಿದ್ದಾಗ, ಜನ ಎದ್ದು ಕೇಳಲು ಆ ಹೆಸರಿಗೆ ಕಾನೂನಿನ ಬೆಂಬಲ ಇದ್ದದ್ದು ನೆರವಾಯಿತು. ಆ ಚಪ್ಪಲಿಯ ಜಿಐ ವ್ಯಾಪ್ತಿಯಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಇವೆ. ಕಂಪನಿ ಆಮೇಲೆ ಭಾರತದ ಚಪ್ಪಲಿಯಿಂದಲೇ ಪ್ರೇರಣೆ ಪಡೆದದ್ದೆಂದು ಒಪ್ಪಿಕೊಂಡಿತು.

ಮತ್ತೆ ಆ ಬೆಂಗಳೂರಿನ ಸೀರೆಗೆ ಬರೋಣ. ಅಂಗಡಿಯ ಹಿಂದಿರುವವರು ಕೆ.ರಾಧಾರಾಮನ್. ನೇಕಾರಿಕೆಯ ಮನೆತನದವರು, ‘ಅದ್ವಯ’ ಎಂಬ ಹೆಸರಿನಲ್ಲಿ ದುಬಾರಿ ಸೀರೆಗಳನ್ನು ಮಾಡುವವರು. ಕಾಂಜೀವರಂ ಅಂದರೆ ರೇಷ್ಮೆಯೇ ಆಗಬೇಕೆಂಬ ರೂಢಿ ಮುರಿದು ಲಿನನ್‌ನಲ್ಲಿ, ಖಾದಿಯಲ್ಲಿ ಆ ನೇಯ್ಗೆ ತಂದವರು. ಫ್ಯಾಷನ್ ಲೋಕದಲ್ಲಿ ಇವರ ದಾರಿ ಸಬ್ಯಸಾಚಿಯದಕ್ಕಿಂತ ಬೇರೆ. ಅವರು ಬಟ್ಟೆಯ ಮೇಲೆ ಕೆಲಸ ಮಾಡಿ ದೊಡ್ಡವರಾದರು, ಇವರು ಬಟ್ಟೆಯನ್ನೇ ಮಗ್ಗದಲ್ಲಿ ಹೊಸದು ಮಾಡಹೊರಟರು. ನಮಗೆ ಯಾವತ್ತೂ ಎರಡನೆಯದೇ ಹೆಚ್ಚು ಕಷ್ಟದ್ದು ಅನ್ನಿಸಿದೆ. ಸೂಜಿ ತಪ್ಪಿದರೆ ಬಿಚ್ಚಬಹುದು, ಮಗ್ಗದಲ್ಲಿ ತಪ್ಪಿದರೆ ಕಥೆ ಮುಗೀತು.

2018ರಲ್ಲಿ ಹೆಸರು ತಪ್ಪಿದಾಗ ಅದು ಸರಿಹೋದದ್ದು ಹೇಗೆ? ಅಂಗಡಿಯವರಿಗೆ ಅಂಗಡಿ ಇತ್ತು. ಕೇಳುವ ಬಾಯಿ ಇತ್ತು, ಕೇಳಿಸಿಕೊಳ್ಳುವ ಜನ ಇದ್ದರು, ಸೀರೆ ಕೊಟ್ಟ ತಾಯಿಯೇ ಸಾಕ್ಷಿ. ಒಬ್ಬ ದೊಡ್ಡ ವಿನ್ಯಾಸಕ ಇನ್ನೊಬ್ಬ ವಿನ್ಯಾಸಕನಿಗೆ ಹೆಸರು ಬಿಟ್ಟುಕೊಟ್ಟ. ಅದು ದೊಡ್ಡ ಗುಣವೇ. ಆದರೆ ಆ ಸೀರೆಯನ್ನು ಮಗ್ಗದ ಮುಂದೆ ಕುಂತು ನೇಯ್ದವರು ಯಾರು ಎಂಬ ಪ್ರಶ್ನೆ ಆಗಲೂ ಏಳಲಿಲ್ಲ. ನಾವೂ ಎತ್ತಲಿಲ್ಲ. ತಿದ್ದುಪಡಿ ಬೇಕೆಂದು ಹಟ ಹಿಡಿದಿದ್ದ ನಮಗೂ ಅದು ಹೊಳೆಯಲಿಲ್ಲ.

ರಾಯಚೂರಿನಲ್ಲಿ ಹುಟ್ಟಿದವರಿಗೆ ಇದೆಲ್ಲ ಹೊಸದೂ ಅಲ್ಲ. ನಮ್ಮೂರು ಹತ್ತಿಯ ಊರು. ನವೆಂಬರ್, ಡಿಸೆಂಬರಿನಲ್ಲಿ ರಾಜೇಂದ್ರ ಗಂಜಿನ ಕಡೆ ಹೋದರೆ ಮಾನ್ವಿ, ಸಿರವಾರ, ದೇವದುರ್ಗದಿಂದ ಬಂದ ಹತ್ತಿ ಗಾಡಿಗಳ ಸಾಲು. ರಸ್ತೆಯ ಎರಡೂ ಬದಿಯ ಬೇವಿನ ಗಿಡಕ್ಕೆ, ಕರೆಂಟಿನ ತಂತಿಗೆ ಅರಳೆ ಅಂಟಿಕೊಂಡಿರುತ್ತದೆ. ಜಿನ್ನಿಂಗ್ ಮಿಲ್ಲಿನಲ್ಲಿ ಕಾಳು ಬೇರೆ, ಅರಳೆ ಬೇರೆ. ಒಂದು ಬೇಲ್ ಅಂದರೆ 170 ಕೆ.ಜಿ. ಅರಳೆ, ಅದಕ್ಕೆ ಹೆಚ್ಚುಕಡಿಮೆ 5 ಕ್ವಿಂಟಲ್ ಹತ್ತಿ ಬೇಕು. ಮಾನ್ವಿಯವನ ಅವ್ವ ದಿನಕ್ಕೆ 40 ಕೆ.ಜಿ. ಬಿಡಿಸುವಷ್ಟು ಚುರುಕು. ಅವಳೊಬ್ಬಳೇ ಬಿಡಿಸಿದರೂ ಒಂದು ಬೇಲಿಗೆ ಹನ್ನೆರಡು, ಹದಿಮೂರು ದಿನ. ಸೆರಗಿನ ಎರಡು ತುದಿಯನ್ನು ಸೊಂಟಕ್ಕೆ ಕಟ್ಟಿ ಮಾಡಿದ ಜೋಳಿಗೆ, ಒಣ ಕಾಯಿಯ ಚೂಪಿಗೆ ಕೆರೆದು ಹರಿದ ಬೆರಳ ತುದಿ. ಒಂದು ಸರ್ತಿ ನಾವು ಮೂವರೂ ಅವರ ಹೊಲಕ್ಕೆ ಬಿಡಿಸಲು ಹೋಗಿದ್ದೆವು, ಲೇಖನಕ್ಕಾಗಿ ಅಂತ. ಕೂಲಿ ಕೆ.ಜಿ. ಲೆಕ್ಕ. ಸಂಜೆ ತೂಕ ಹಾಕಿದರೆ ಮೂವರದೂ ಸೇರಿ ಅವನ ಅವ್ವನ ಅರ್ಧ ಆಗಲಿಲ್ಲ. ‘ಪೆನ್ನು ಹಿಡಿಯೋ ಕೈ ಬಿಡ್ರಿ’ ಅಂತ ಕೂಲಿಯವರು ನಕ್ಕಿದ್ದರು.

ಬೇಲಿನ ಮೇಲೆ ಮಿಲ್ಲಿನ ಹೆಸರು, ಲಾಟ್ ನಂಬರ್ ಇರುತ್ತದೆ. ಮಾನ್ವಿ ಅಂತಲೂ ಇರುವುದಿಲ್ಲ. ಅಲ್ಲಿಂದ ಅದು ನೂಲಿನ ಗಿರಣಿಗೆ ಹೋಗಿ ಯಾವ ಬಟ್ಟೆಯಾಗುತ್ತದೋ ಆ ಶಿವನೇ ಬಲ್ಲ. ಐಷಾರಾಮಿ ಬಟ್ಟೆಗೆ ಬೇಕಾದ ಬಹಳ ಉದ್ದ ಎಳೆಯ ಹತ್ತಿಗೂ ನಮ್ಮ ನಾಡಿಗೂ ನಂಟಿದೆ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್.ಕಟರಕಿಯವರು ‘ವರಲಕ್ಷ್ಮಿ’ ಎಂಬ ಸಂಕರ ತಳಿ ಕೊಟ್ಟಿದ್ದರು, ಆಮೇಲೆ ಡಿಸಿಎಚ್-32 ಬಂತು. ಈಗ ನಮ್ಮ ಎರೆ ಹೊಲದ ತುಂಬ ಬಿಟಿ ಹತ್ತಿ. ಅದರದು ಅಷ್ಟು ಉದ್ದ ಎಳೆಯಲ್ಲ. ಮದುಮಗಳ ಲೆಹಂಗಾದ ಮೇಲೆ ಅದು ಕಾಣಿಸುವುದಿಲ್ಲ. ಬಹುಶಃ ಒಳಗಿನ ಅಸ್ತರಿನಲ್ಲಿ, ಸೀರೆಯ ಫಾಲಿನಲ್ಲಿ, ಒಳಲಂಗದಲ್ಲಿ ಇದ್ದರೆ ಇದ್ದೀತು. ಮಾನ್ವಿಯವ ಇದನ್ನು ಹೆಮ್ಮೆಯಿಂದಲೇ ಹೇಳುತ್ತಾನೆ: ‘ದೀಪಿಕಾನ ಮೈಗೆ ಹತ್ತಿದ್ದು ನಮ್ಮ ಹತ್ತಿ, ಮ್ಯಾಲಿಂದು ಬರೇ ತೋರಿಕಿ.’ ನಾವು ಯಾರೂ ಇದನ್ನು ಅಲ್ಲಗಳೆಯಲು ಹೋಗಿಲ್ಲ.

ಯಾಡಿಯ ಹಿರಿಮಗಳು, ಅಂದರೆ ದೇವದುರ್ಗದವಳ ಅಕ್ಕ, ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿದ್ದಾಳೆ. ಅವ್ವನ ಕೈಯ ಕುಸುರಿ ಅವಳಿಗೂ ಬರುತ್ತದೆ. ಅಲ್ಲಿ ಅವಳ ಕೆಲಸ ಷರ್ಟಿಗೆ ಕಾಲರ್ ಕೂಡಿಸುವುದು, ಅಷ್ಟೇ. ತಾಸಿಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ತಾನು ಕಾಲರ್ ಹಚ್ಚಿದ ಷರ್ಟನ್ನು ಯಾರ ಮೈಮೇಲೂ ಅವಳು ಗುರುತಿಸಲಾರಳು. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ದುಡ್ಡು ತೆಗೆಯಲು ಕೇಂದ್ರ ಸರ್ಕಾರ ಹೊಸ ನಿಯಮ ಹಾಕಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು. ನಿಯಮ ವಾಪಸಾಯಿತು. ಅಕ್ಕ ಆ ಗುಂಪಿನಲ್ಲಿದ್ದಳು. ಆ ಹೋರಾಟಕ್ಕೆ ನಾಯಕರು ಯಾರು ಅಂತ ಪತ್ರಕರ್ತರು ಹುಡುಕಿದರೆ ಒಬ್ಬರೂ ಸಿಗಲಿಲ್ಲವಂತೆ. ಅಕ್ಕ ಅದನ್ನು ನೆನೆದು ಈಗಲೂ ನಗುತ್ತಾಳೆ: ‘ಹೆಸ್ರು ಕೇಳಿದ್ರು. ಹೇಳಿದ್ರ ಮರುದಿನ ಕೆಲಸ ಇರ್ತಿತ್ತೇನು?’

ಈ ಮಾತು ಕೇಳಿದಾಗ ಮೊದಲ ಬಾರಿ ನಮಗೆ ಅನುಮಾನ ಬಂತು. ಹೆಸರು ಎಲ್ಲರಿಗೂ ಒಂದೇ ಥರ ಬೇಕಾಗಿರುತ್ತದೆ ಅಂತ ನಾವು ತಿಳಿದಿದ್ದೆವು. ಒಬ್ಬರಿಗೆ 398 ಕೋಟಿ ತರುವ ಅದೇ ಹೆಸರು ಇನ್ನೊಬ್ಬರ ಹೊಟ್ಟೆಯ ಮೇಲೆ ಹೊಡೆಯಬಹುದು.

2025ರ ಜನವರಿಯಲ್ಲಿ ಸಬ್ಯಸಾಚಿಯ ಹೆಸರಿಗೆ 25 ವರ್ಷ ತುಂಬಿದ್ದಕ್ಕೆ ಮುಂಬೈಯಲ್ಲಿ ದೊಡ್ಡ ಪ್ರದರ್ಶನವಾಯಿತು. ಮೊದಲು ಹೆಜ್ಜೆ ಹಾಕಿ ಬಂದದ್ದು ದೀಪಿಕಾ. ಮೊಬೈಲಿನಲ್ಲಿ ಅದನ್ನು ನೋಡುತ್ತ ದೇವದುರ್ಗದವಳು ಅಂದಳು, ‘ಆರು ವರ್ಷ ಆತು ನೋಡ್ರಿ. ಯಾಡಿ ಹೆಸ್ರು ಈಗರ ಬರಿಯೋಣ. ನಮ್ಮದೇ ಬ್ಲಾಗು, ಯಾವ ಡೆಸ್ಕಿನವರನ್ನೂ ಕೇಳಬೇಕಿಲ್ಲ.’ ಹಾಗೆ ಮೂವರೂ ಮತ್ತೆ ತಾಂಡಾಕ್ಕೆ ಹೋದೆವು. ಅದೇ ಟಂಟಂ, ರಸ್ತೆ ಮಾತ್ರ ಸ್ವಲ್ಪ ಸುಧಾರಿಸಿದೆ.

ಯಾಡಿಗೆ ಈಗ ಕಣ್ಣು ಮಂಜು. ಸೂಜಿಗೆ ದಾರ ಮೊಮ್ಮಗಳು ಪೋಣಿಸಿಕೊಡುತ್ತಾಳೆ. ನಾವು ಬಂದ ಕಾರಣ ಹೇಳಿದೆವು. ಆರು ವರ್ಷದ ಹಿಂದೆ ಹೆಸರು ಬಿಟ್ಟದ್ದು ತಪ್ಪಾಯಿತು ಅಂದೆವು. ಅವಳಿಗೆ ಅದು ನೆನಪೇ ಇರಲಿಲ್ಲ. ಆಮೇಲೆ ಟ್ರಂಕು ತೆಗೆದಳು. ಫೇಟಿಯಾದ ಕೆಳಗೆ, ಟ್ರಂಕಿನ ತಳಕ್ಕೆ ಹಾಸಿದ್ದ ಕಾಗದಗಳ ನಡುವೆ ನಮ್ಮ ಆ ಪುರವಣಿ ಇತ್ತು. ಹಳದಿಯಾಗಿತ್ತು. ಜಿರಲೆ ಒಂದು ಮೂಲೆ ತಿಂದಿತ್ತು. ‘ಕಸೂತಿಯಲ್ಲಿ ತೊಡಗಿರುವ’ ಅನ್ನೋದು ಹಾಗೇ ಇತ್ತು.

‘ಹೆಸ್ರು ಬ್ಯಾಡ ಬಿಡ್ರಿ ತಮ್ಮಾ,’ ಅಂದಳು. ನಾವು ಯಾಕೆ ಅಂದೆವು. ‘ಯಾಕಂದ್ರ? ಆವಾಗ ಹಾಕಿದ್ರ ಹಾಕಬೇಕಿತ್ತು. ಈಗ ಈ ಫೋನಿನಾಗ ಹಾಕಿದ್ರ ಯಾರ್‍ಯಾರೋ ನೋಡ್ತಾರ. ಮೊನ್ನೆ ಒಬ್ಬಾಕಿದು ಫೋಟೋ ಹಾಕಿ, ಹೆಸ್ರು ಹಾಕಿ, ನೂರು ಬ್ಯಾಗ್ ಮಾಡಿಕೊಡ್ತಾಳ ಅಂತ ಯಾರೋ ರೊಕ್ಕ ಹೊಡಕೊಂಡು ಹೋದ್ರು. ಆಕಿ ಮನಿಗೆ ಮಂದಿ ಬಂದು ಕುಂತಿದ್ರು.’

ಮಗಳು ಸಿಟ್ಟಾದಳು. ‘ಮತ್ತ ನೀ ಮಾಡಿದ್ದು ಅಂತ ಹ್ಯಾಂಗ ಗೊತ್ತಾಗಬೇಕು?’ ಎಂದು ಗೋರ್ ಮಾತಿನಲ್ಲಿ ಕೇಳಿದಳು, ಆಮೇಲೆ ನಮಗಾಗಿ ಕನ್ನಡದಲ್ಲಿ.

ಯಾಡಿ ಎರಡು ಕಾಂಚಳಿ ತೆಗೆದು ನಮ್ಮ ಮುಂದೆ ಹಾಕಿದಳು. ‘ಇದು ಯಾರ ಕೈ, ಹೇಳ್ರಿ.’ ನಮಗೆ ಎರಡೂ ಒಂದೇ ಕಂಡವು. ಅದೇ ಚೌಕ, ಅದೇ ಕನ್ನಡಿ. ಅವಳು ಬೆರಳಿಟ್ಟು ತೋರಿಸಿದಳು. ಒಂದರಲ್ಲಿ ಕನ್ನಡಿಯ ಸುತ್ತ ದಾರ ಒಳಮುಖವಾಗಿ ಸುತ್ತಿದೆ, ಇನ್ನೊಂದರಲ್ಲಿ ಹೊರಮುಖ. ಒಂದರ ಮೂಲೆಯ ತ್ರಿಕೋನ ಬಿಗಿ, ಇನ್ನೊಂದರದು ಸಡಿಲ, ಆದರೆ ಸಾಲು ನೆಟ್ಟಗೆ. ‘ಇದು ನಮ್ಮವ್ವನ ಕೈ. ಇದು ನಂದು. ನಮ್ಮವ್ವ ಎಡಚಿ.’ ಹೊರಗೆ ಕುಂತಿದ್ದ ಮುದುಕಿಯೊಬ್ಬಳನ್ನು ಕರೆದು ಅದೇ ಎರಡನ್ನು ಕೊಟ್ಟಳು. ಆ ಮುದುಕಿ ಕಣ್ಣಿಗೆ ಹತ್ತಿರ ಹಿಡಿದು, ಒಂದನ್ನು ಮೂಸಿ ಕೂಡ ನೋಡಿ, ತೀರಿಹೋದ ಆ ಎಡಚಿ ಅಜ್ಜಿಯ ಹೆಸರನ್ನು ಹೇಳಿಯೇಬಿಟ್ಟಳು. ತಾಂಡಾದಲ್ಲಿ ಯಾವ ಬಟ್ಟೆ ಯಾರದು ಅಂತ ಅವರಿಗೆಲ್ಲ ಗೊತ್ತು. ಆರು ವರ್ಷದ ಹಿಂದೆ ಮೂರು ತಾಸು ಕುಂತಿದ್ದಾಗ ನಾವು ಅದನ್ನು ಕೇಳಿಯೇ ಇರಲಿಲ್ಲ. ಬೇಡಿಕೆ ಎಷ್ಟು, ದಿನಕ್ಕೆ ಎಷ್ಟು ಸಿಗುತ್ತದೆ, ಸರ್ಕಾರದ ಸವಲತ್ತು ಬಂದಿದೆಯಾ ಅಂತಷ್ಟೇ ಕೇಳಿದ್ದೆವು.

ಆಮೇಲೆ ಅವಳೇ ಕೇಳಿದಳು, ಆ ಬಂಗಾಳದವರ ಕೆಲಸ ತೋರಿಸ್ರಿ ಅಂತ. ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದೆವು. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. ದುಪಟ್ಟಾದ ಅಂಚನ್ನು ಬೆರಳಿನಿಂದ ಸರಿಸಿ ಸರಿಸಿ ನೋಡಿದಳು. ‘ಚಲೋ ಅದ,’ ಅಂದಳು. ಸ್ವಲ್ಪ ಹೊತ್ತಾದ ಮೇಲೆ, ‘ಒಬ್ಬರದಲ್ಲ ಇದು. ಇಲ್ಲಿ ತನಕ ಒಬ್ಬಾಂವ, ಇಲ್ಲಿಂದ ಬ್ಯಾರೆ ಕೈ’ ಅಂದಳು. ಮೊಬೈಲಿನ ಗಾಜಿನ ಮೇಲೆ ಅವಳ ಬೆರಳು ನಿಂತ ಜಾಗವನ್ನು ನಾವು ಮೂವರೂ ಬಗ್ಗಿ ನೋಡಿದೆವು. ಅವಳು ಹೇಳಿದ್ದು ನಿಜವೋ ಅಲ್ಲವೋ, ನಮಗೇನೂ ಕಾಣಲಿಲ್ಲ.

ಹೆಸರಿನ ಮಾತು ಅಲ್ಲಿಗೇ ಬಿಟ್ಟೆವು. ಮಗಳು ಇನ್ನೂ ಒಪ್ಪಿಲ್ಲ. ಅವ್ವ ಬೇಡ ಅಂದದ್ದಕ್ಕೆ ಮಾತ್ರ ಸುಮ್ಮನಿದ್ದಾಳೆ. ಈ ಲೇಖನದ ಕೆಳಗೆ ನಮ್ಮ ಹೆಸರನ್ನೂ ಹಾಕುವುದು ಬೇಡ ಅಂದವಳು ಅವಳೇ. ಮಾನ್ವಿಯವ ಸ್ವಲ್ಪ ಗೊಣಗಿದ.

ಹೊರಡುವಾಗ ಯಾಡಿ ಒಂದು ದಾರದ ತುಂಡು ಕೊಟ್ಟಳು. ದೇವದುರ್ಗದ ಸಂತೆಯಲ್ಲಿ ಈಗ ಸಿಗುವ ಕೆಂಪು ತೊಳೆದರೆ ಬಣ್ಣ ಬಿಡುತ್ತದಂತೆ. ಇದೇ ಕೆಂಪು, ಇದೇ ದಪ್ಪದ್ದು, ರಾಯಚೂರಿನಲ್ಲಿ ಸಿಕ್ಕರೆ ಹತ್ತು ಲಡಿ ತರಬೇಕು, ಜೊತೆಗೆ ಹಳದಿ ಐದು. ಮುಂದಿನ ತಿಂಗಳು ಮೊಮ್ಮಗಳ ಮದುವೆ ಮಾತುಕತೆ ಇದೆ. ರೊಕ್ಕ ಈಗಲೇ ತಗೊಳ್ಳಿ ಅಂದಳು, ನಾವು ಆಮೇಲೆ ಅಂದೆವು. ತೀನ್ ಕಂದೀಲ್ ಹತ್ತಿರದ ಎರಡು ಅಂಗಡಿಯಲ್ಲಿ ಕೇಳಿದ್ದೇವೆ. ಒಂದರಲ್ಲಿ ಕೆಂಪು ಸಿಕ್ಕಿದೆ, ಹಳದಿ ಇನ್ನೂ ಸಿಕ್ಕಿಲ್ಲ.